ಡಿಸೆಂಬರ್ ಬಿಟ್ಟು ನವೆಂಬರ್: ಅಣ್ಣ-ಅತ್ತಿಗೆಯ ಪೆಂಗ್ವಿನ್ ಪ್ರಯಾಣದ ಪೂರ್ತಿ ಲೆಕ್ಕ

ಅತ್ತಿಗೆಗೆ ಇದ್ದದ್ದು ಒಂದೇ ಆಸೆ. ಕಿಂಗ್ ಪೆಂಗ್ವಿನ್ ನೋಡಬೇಕು. ಒಂದೋ ಎರಡೋ ಸಾಲದು, ಕಣ್ಣು ಹಾಯಿಸಿದಷ್ಟು ದೂರವೂ ಅವೇ ಇರಬೇಕು. ಅಣ್ಣನಿಗೆ ಇದ್ದದ್ದು ಒಂದೇ ಹೆದರಿಕೆ. ಸಮುದ್ರ. ಕೆರೆಯ ದೋಣಿಯಲ್ಲಿ ಅರ್ಧ ಗಂಟೆ ಕೂತರೂ ಹೊಟ್ಟೆ ತೊಳೆಸಿಕೊಂಡು ದಡ ಹುಡುಕುವ ಮನುಷ್ಯ ಅವನು. ಅವನಿಗೆ 63, ಅತ್ತಿಗೆಗೆ 59. ಇಬ್ಬರೂ ರಿಟೈರ್ ಆಗಿದ್ದಾರೆ, ರಜೆಯ ತಾಪತ್ರಯ ಇಲ್ಲ. ದುಡ್ಡು ಮಾತ್ರ ಲೆಕ್ಕದ್ದು. ಹಡಗಿಗೆ ತಲೆಗೆ 13,000 ಡಾಲರ್ ದಾಟಬಾರದು ಅಂತ ಅಣ್ಣ ಮೊದಲೇ ಗೆರೆ ಎಳೆದಿದ್ದ.

ನಾನು ಹೋಗಲಿಲ್ಲ. ಇಬ್ಬರ ಮಧ್ಯೆ ಎಕ್ಸೆಲ್ ಶೀಟ್ ಹಿಡಿದುಕೊಂಡು ಕೂತಿದ್ದೆ, ಅಷ್ಟೇ. ಫೆಬ್ರುವರಿಯಲ್ಲಿ ಶುರುವಾದ ಮಾತು ಆಗಸ್ಟ್ ಮಧ್ಯದಲ್ಲಿ ಬುಕಿಂಗ್ ಆಯಿತು. ನವೆಂಬರ್ ಮೊದಲ ವಾರ ಅವರು ಹಡಗು ಹತ್ತಿದರು. ಆ ಒಂಬತ್ತು ತಿಂಗಳಲ್ಲಿ ಎಲ್ಲಿ ಸರಿಯಾಗಿ ಯೋಚಿಸಿದೆವು, ಎಲ್ಲಿ ಎಡವಿದೆವು ಅನ್ನೋದನ್ನ ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲ ತಪ್ಪು ಮೊದಲ ವಾರದಲ್ಲೇ ಆಯಿತು. ‘ಅಂಟಾರ್ಕ್ಟಿಕಾಗೆ ಎಷ್ಟಾಗುತ್ತೆ?’ ಅಂತ ಹುಡುಕಲು ಶುರುಮಾಡಿದೆವು. 11 ದಿನದ ಒಂದು ಪ್ರವಾಸ ಸಿಕ್ಕಿತು. ಅದರ ಕರಪತ್ರದ ಮೇಲೆ ಕುತ್ತಿಗೆಗೆ ಕಿತ್ತಳೆ ಬಣ್ಣ ಬಳಿದುಕೊಂಡ ಕಿಂಗ್ ಪೆಂಗ್ವಿನ್‌ಗಳ ದೊಡ್ಡ ಫೋಟೊ. ಅತ್ತಿಗೆ ಕರಗಿಹೋದರು. ಅಡ್ವಾನ್ಸ್ ಕಟ್ಟುವ ಹಿಂದಿನ ದಿನ ನಾನು ಸುಮ್ನೆ ದಿನಚರಿ ಓದಿದೆ. ಆ ಹಡಗು ಹೋಗುವುದು ಅಂಟಾರ್ಕ್ಟಿಕ್ ಪರ್ಯಾಯ ದ್ವೀಪಕ್ಕೆ. ಅಲ್ಲಿರುವುದು ಜೆಂಟೂ, ಚಿನ್‌ಸ್ಟ್ರಾಪ್, ಅಡೆಲಿ ಜಾತಿಯ ಪೆಂಗ್ವಿನ್‌ಗಳು. ಕಿಂಗ್ ಪೆಂಗ್ವಿನ್ ಅಲ್ಲಿ ಗೂಡು ಮಾಡುವುದಿಲ್ಲ. ದಾರಿ ತಪ್ಪಿ ಬಂದ ಒಂದು ಕಂಡರೆ ಅದೇ ದೊಡ್ಡ ಸುದ್ದಿ. ಫೋಟೊ ಹಾಕಿದ ಕಂಪನಿಯದು ಸುಳ್ಳು ಅಂತಲೂ ಹೇಳಲಾಗದು. ಅವರದೇ ಬೇರೆ ಹಡಗು ಬೇರೆ ಕಡೆ ಹೋಗುತ್ತದೆ, ಫೋಟೊ ಅಲ್ಲಿಯದು.

ಆ ‘ಬೇರೆ ಕಡೆ’ ಅಂದರೆ ಸೌತ್ ಜಾರ್ಜಿಯಾ. ಫಾಕ್‌ಲ್ಯಾಂಡ್ ದ್ವೀಪಗಳಿಂದ ಪೂರ್ವಕ್ಕೆ ಸುಮಾರು 1,400 ಕಿಲೋಮೀಟರ್ ದೂರದಲ್ಲಿ, ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ ಇದೆ. ಬ್ರಿಟನ್ನಿನ ಆಡಳಿತದ ಜಾಗ. ವಿಮಾನ ನಿಲ್ದಾಣ ಇಲ್ಲ. ಕೆಲವು ಅಧಿಕಾರಿಗಳು, ಸಂಶೋಧಕರು, ಮ್ಯೂಸಿಯಂ ನೋಡಿಕೊಳ್ಳುವವರು ಬಿಟ್ಟರೆ ಜನ ಇಲ್ಲ. ಅಲ್ಲಿನ ಸೇಂಟ್ ಆಂಡ್ರೂಸ್ ಬೇ ಅನ್ನುವ ಒಂದೇ ದಡದಲ್ಲಿ ಸುಮಾರು 1,50,000 ಜೋಡಿ ಕಿಂಗ್ ಪೆಂಗ್ವಿನ್ ಇವೆ. ಸಾಲ್ಸ್‌ಬರಿ ಪ್ಲೇನ್, ಗೋಲ್ಡ್ ಹಾರ್ಬರ್ ಅಂತ ಬೇರೆ ದೊಡ್ಡ ಕಾಲೊನಿಗಳೂ ಇವೆ. ಅತ್ತಿಗೆಗೆ ಬೇಕಾದದ್ದು ಇದೇ.

ಆದರೆ ಅಲ್ಲಿಗೆ ಹೋಗುವ ಹಡಗು 18ರಿಂದ 22 ದಿನ ತೆಗೆದುಕೊಳ್ಳುತ್ತದೆ. ಅರ್ಜೆಂಟೀನಾದ ಉಷುವಾಯಾದಿಂದ ಹೊರಟು ಫಾಕ್‌ಲ್ಯಾಂಡ್, ಅಲ್ಲಿಂದ ಸೌತ್ ಜಾರ್ಜಿಯಾ, ಆಮೇಲೆ ಪರ್ಯಾಯ ದ್ವೀಪ, ಕೊನೆಗೆ ಡ್ರೇಕ್ ಪ್ಯಾಸೇಜ್ ದಾಟಿ ವಾಪಸ್ ಉಷುವಾಯಾ.

‘ಇಪ್ಪತ್ತೊಂದು ದಿನಾನಾ?’ ಅಂದ ಅಣ್ಣ. ‘ನನ್ನ ಕತೆ ಮುಗಿಸೋಕೆ ನಿಮಗೆ ಬೇರೆ ದಾರಿ ಸಿಗ್ಲಿಲ್ವೇನೋ?’

ಅಣ್ಣನ ಹೊಟ್ಟೆಯ ಲೆಕ್ಕ

ಅವನ ಮಾತನ್ನು ತಮಾಷೆ ಅಂತ ತಳ್ಳಿಹಾಕಲಿಲ್ಲ. ಶೀಟಿನಲ್ಲಿ ಮೊದಲ ಕಾಲಂ ಮಾಡಿದ್ದೇ ‘ಬರೀ ಸಮುದ್ರದ ದಿನಗಳು’ ಅಂತ.

11 ದಿನದ ಪ್ರವಾಸದಲ್ಲಿ ಡ್ರೇಕ್ ಎರಡು ಸಲ ದಾಟಬೇಕು. ದಕ್ಷಿಣ ಅಮೆರಿಕದ ತುದಿಗೂ ಅಂಟಾರ್ಕ್ಟಿಕಾ ಬದಿಯ ಸೌತ್ ಶೆಟ್ಲೆಂಡ್ ದ್ವೀಪಗಳಿಗೂ ನಡುವೆ ಇರುವ ಸುಮಾರು 800 ಕಿಲೋಮೀಟರ್ ಅಗಲದ ನೀರು ಅದು. ಭೂಮಿಯ ಸುತ್ತ ಎಲ್ಲೂ ನೆಲದ ತಡೆ ಇಲ್ಲದೆ ಬೀಸಿಕೊಂಡು ಬರುವ ಪಡುವಣ ಗಾಳಿ ಅಲ್ಲಿ ಈ ಸಂದಿಗೆ ನುಗ್ಗುತ್ತದೆ. ಹೋಗಲು ಎರಡು ದಿನ, ಬರಲು ಎರಡು ದಿನ. ಹತ್ತುವ ದಿನ, ಇಳಿಯುವ ದಿನ ಬಿಟ್ಟರೆ ನೆಲದ ಹತ್ತಿರ ಉಳಿಯುವುದು ಐದು ದಿನ.

21 ದಿನದ್ದರಲ್ಲಿ ಡ್ರೇಕ್ ಒಂದೇ ಸಲ. ಅದು ಬಿಟ್ಟು ಇನ್ನೂ ಐದು ದಿನ ಸಮುದ್ರದಲ್ಲೇ ಕಳೆಯಬೇಕು. ಉಷುವಾಯಾದಿಂದ ಸೌತ್ ಜಾರ್ಜಿಯಾವರೆಗೆ ಗಾಳಿ ಬಹುಪಾಲು ಬೆನ್ನ ಹಿಂದಿನಿಂದ ಬರುತ್ತದೆ, ಹಡಗು ಅಷ್ಟು ಒದ್ದಾಡುವುದಿಲ್ಲ. ಸೌತ್ ಜಾರ್ಜಿಯಾದಿಂದ ನೈಋತ್ಯಕ್ಕೆ ತಿರುಗಿದ ಮೇಲೆ ಗಾಳಿ ಮುಖಕ್ಕೇ ಹೊಡೆಯುತ್ತದೆ. ಆ ಎರಡು ದಿನವೇ ಕಷ್ಟ ಅಂತ ಅಣ್ಣನಿಗೆ ಮುಚ್ಚಿಡದೆ ಹೇಳಿದೆ. ಒಟ್ಟು ನಾಲ್ಕು ದಿನಕ್ಕೆ ಬದಲು ಏಳು ದಿನ ಸಮುದ್ರ, ಐದು ದಿನಕ್ಕೆ ಬದಲು ಹನ್ನೆರಡು ದಿನ ನೆಲ.

ಡ್ರೇಕ್ ತಪ್ಪಿಸಲು ಇನ್ನೊಂದು ದಾರಿಯೂ ಇದೆ. ಚಿಲಿಯ ಪುಂಟಾ ಅರೆನಾಸ್‌ನಿಂದ ಸೌತ್ ಶೆಟ್ಲೆಂಡ್‌ನ ಕಿಂಗ್ ಜಾರ್ಜ್ ದ್ವೀಪಕ್ಕೆ ಸುಮಾರು ಎರಡು ಗಂಟೆ ವಿಮಾನ, ಅಲ್ಲಿ ಹಡಗು ಹತ್ತುವುದು. ಅಣ್ಣನ ಕಣ್ಣು ಅರಳಿತು. ಆದರೆ ಅದು ಪರ್ಯಾಯ ದ್ವೀಪದ ಪ್ರವಾಸ, ಕಿಂಗ್ ಪೆಂಗ್ವಿನ್ ಇಲ್ಲ. ಅಲ್ಲದೆ ಮಂಜು ಕವಿದರೆ ವಿಮಾನ ದಿನಗಟ್ಟಲೆ ಕಾಯುತ್ತದೆ. ಅತ್ತಿಗೆ ಮಾತಾಡಲಿಲ್ಲ, ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು. ಆ ಕಾಲಂ ಅಲ್ಲಿಗೇ ಅಳಿಸಿದೆ.

ಒಂದು ವಿಷಯ ಮಾತ್ರ ಇಬ್ಬರಿಗೂ ಒಟ್ಟಿಗೇ ಒದಗಿಬಂತು. ಹಡಗು ತೂಗುವುದು ತೊಟ್ಟಿಲಿನ ಹಾಗೆ. ಮೇಲಿನ ಡೆಕ್‌ನಲ್ಲಿ, ಎರಡು ತುದಿಗಳಲ್ಲಿ ತೂಗಾಟ ಜಾಸ್ತಿ. ಕೆಳಗಿನ ಡೆಕ್‌ನ ನಡುಭಾಗದಲ್ಲಿ ಕಡಿಮೆ. ಬಾಲ್ಕನಿ ಇರುವ ದುಬಾರಿ ಕೋಣೆಗಳೆಲ್ಲ ಮೇಲೆ, ದುಂಡು ಕಿಟಕಿಯ ಅಗ್ಗದ ಕೋಣೆಗಳು ಕೆಳಗೆ. ಅಂದರೆ ಅಣ್ಣನ ಹೊಟ್ಟೆಗೆ ಒಳ್ಳೆಯದೇ ಅಣ್ಣನ ಜೇಬಿಗೂ ಒಳ್ಳೆಯದು. ಇಂಥದ್ದು ಬದುಕಿನಲ್ಲಿ ಅಪರೂಪ ಅಲ್ವಾ?

ಯಾವ ತಿಂಗಳು?

ನಮ್ಮ ತೀರ್ಮಾನವನ್ನು ನಿಜವಾಗಿ ತಿರುಗಿಸಿದ್ದು ಇದು. ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಅಂಟಾರ್ಕ್ಟಿಕಾದ ಹಡಗುಗಳು ಅಕ್ಟೋಬರ್ ಕೊನೆಯಿಂದ ಮಾರ್ಚ್ ತನಕ ಓಡುತ್ತವೆ. ದರದ ಪಟ್ಟಿ ನೋಡಿದರೆ ಡಿಸೆಂಬರ್ ಮಧ್ಯದಿಂದ ಜನವರಿ ಕೊನೆಯವರೆಗೆ ಬೆಟ್ಟದ ತುದಿ, ಎರಡೂ ಬದಿ ಇಳಿಜಾರು. ದುಬಾರಿ ತಿಂಗಳೇ ಒಳ್ಳೆಯ ತಿಂಗಳು ಅಂತ ಅಂದುಕೊಂಡಿದ್ದೆ. ಆ ಬೆಲೆಗೆ ಅರ್ಧ ಕಾರಣ ಹಗಲಿನ ಬೆಳಕು, ಸ್ವಲ್ಪ ಹಿತವಾದ ಹವೆ. ಇನ್ನರ್ಧ ಕ್ರಿಸ್‌ಮಸ್, ಹೊಸ ವರ್ಷದ ರಜೆ. ಪ್ರಾಣಿಗಳಿಗೆ ಕ್ರಿಸ್‌ಮಸ್ ಗೊತ್ತಿಲ್ಲ.

ಅವುಗಳ ಕ್ಯಾಲೆಂಡರ್ ಬೇರೆ. ಪರ್ಯಾಯ ದ್ವೀಪದಲ್ಲಿ ನವೆಂಬರ್‌ನಲ್ಲಿ ಜೆಂಟೂಗಳು ಕಲ್ಲು ಆಯ್ದು ಗೂಡು ಕಟ್ಟುತ್ತವೆ, ಪಕ್ಕದ ಮನೆಯ ಕಲ್ಲು ಕದಿಯುತ್ತವೆ, ಮೊಟ್ಟೆ ಇಡುತ್ತವೆ. ಡಿಸೆಂಬರ್ ಕೊನೆ, ಜನವರಿಯಲ್ಲಿ ಮರಿ. ಫೆಬ್ರುವರಿ, ಮಾರ್ಚ್‌ನಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳು ಚೆನ್ನಾಗಿ ಸಿಗುತ್ತವೆ. ಆದರೆ ಆ ಹೊತ್ತಿಗೆ ಪೆಂಗ್ವಿನ್‌ಗಳು ಒಂದೊಂದಾಗಿ ಊರು ಬಿಡುತ್ತಿರುತ್ತವೆ, ದಡವೆಲ್ಲ ಹಿಕ್ಕೆ-ಕೆಸರು. ಮರಿ ನೋಡಲೇಬೇಕು ಅನ್ನುವವರು ಜನವರಿಯ ಬೆಲೆ ಕೊಡಲೇಬೇಕು. ತಿಮಿಂಗಿಲಕ್ಕಾಗಿ ಹೋಗುವವರು ಮಾರ್ಚ್‌ನ ಕಡಿಮೆ ದರದಲ್ಲಿ ಹೋಗಿಬರಬಹುದು.

ಕಿಂಗ್ ಪೆಂಗ್ವಿನ್ ಕತೆ ಇನ್ನೂ ವಿಚಿತ್ರ. ಮೊಟ್ಟೆಯಿಂದ ಹಿಡಿದು ಮರಿ ಸಮುದ್ರಕ್ಕೆ ಇಳಿಯುವವರೆಗೆ ಅದಕ್ಕೆ 14ರಿಂದ 16 ತಿಂಗಳು ಬೇಕು. ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯುವ ಸಂಸಾರ. ಹಾಗಾಗಿ ಅವುಗಳಿಗೆ ಇಂಥದ್ದೇ ತಿಂಗಳು ಅಂತ ಇಲ್ಲ. ಯಾವಾಗ ಹೋದರೂ ದೊಡ್ಡವೂ ಇರುತ್ತವೆ, ಕಂದು ತುಪ್ಪಳದ ಕೋಟು ಹಾಕಿಕೊಂಡಂಥ ಮರಿಗಳೂ ಇರುತ್ತವೆ. ಅತ್ತಿಗೆಯ ಆಸೆಗೂ ದುಬಾರಿ ತಿಂಗಳಿಗೂ ಸಂಬಂಧವೇ ಇಲ್ಲ ಅಂತ ಅಲ್ಲಿಗೆ ಖಾತ್ರಿಯಾಯಿತು.

ಅಷ್ಟೇ ಅಲ್ಲ, ಡಿಸೆಂಬರ್ ಸೌತ್ ಜಾರ್ಜಿಯಾದಲ್ಲಿ ಇಳಿಯಲಿಕ್ಕೇ ತೊಡಕಿನ ತಿಂಗಳು. ಅಂಟಾರ್ಕ್ಟಿಕ್ ಫರ್ ಸೀಲ್‌ಗಳಲ್ಲಿ ಬಹುಪಾಲು ಮರಿ ಹಾಕುವುದು ಇದೇ ದ್ವೀಪದಲ್ಲಿ. ನವೆಂಬರ್‌ನಲ್ಲಿ ಗಂಡುಗಳು ಬಂದು ಜಾಗ ಹಿಡಿಯಲು ಶುರುಮಾಡುತ್ತವೆ. ಡಿಸೆಂಬರ್‌ಗೆ ಎಷ್ಟೋ ದಡಗಳು ಕಾಲಿಡಲು ಜಾಗವಿಲ್ಲದಂತೆ ತುಂಬಿರುತ್ತವೆ, ಹತ್ತಿರ ಬಂದವರನ್ನು ಸೀಲ್‌ಗಳು ಅಟ್ಟಿಸಿಕೊಂಡು ಬರುತ್ತವೆ. ಮೊಣಕಾಲು ನೋವಿನ ಅಣ್ಣ ಫರ್ ಸೀಲ್ ಮುಂದೆ ಓಡುವ ಚಿತ್ರ ನನ್ನ ಕಣ್ಣಿಗೆ ಬಂತು. ನವೆಂಬರ್ ಮೊದಲ ಭಾಗದಲ್ಲಿ ಆ ಕಾಟ ಕಡಿಮೆ. ಬದಲಿಗೆ ನಾಲ್ಕು ಟನ್‌ವರೆಗೂ ತೂಗುವ ಗಂಡು ಆನೆ ಸೀಲ್‌ಗಳು ಎದೆಗೆ ಎದೆ ಕೊಟ್ಟು ಹೊಡೆದಾಡುವುದನ್ನು ನೋಡಬಹುದು. ತಾಯಿ ಹಾಲು ಬಿಡಿಸಿದ ಮರಿಗಳು ದಡದ ಮೇಲೆ ಮೂಟೆಗಳ ಹಾಗೆ ಬಿದ್ದುಕೊಂಡಿರುತ್ತವೆ.

ಇದರ ಮೇಲೊಂದು ಕರಿ ನೆರಳಿದೆ. ಅಕ್ಟೋಬರ್ 2023ರಲ್ಲಿ ಹಕ್ಕಿಜ್ವರದ ವೈರಸ್ ಸೌತ್ ಜಾರ್ಜಿಯಾ ತಲುಪಿತು. ಆನೆ ಸೀಲ್‌ಗಳಿಗೆ ದೊಡ್ಡ ಪೆಟ್ಟು ಬಿತ್ತು. ಅಲ್ಲಿಂದೀಚೆಗೆ ಅಲ್ಲಿನ ಆಡಳಿತ ಪರಿಸ್ಥಿತಿ ನೋಡಿ ಕೆಲವು ದಡ ಮುಚ್ಚುತ್ತದೆ, ಮತ್ತೆ ತೆರೆಯುತ್ತದೆ. ಯಾವ ಕಂಪನಿಯೂ ‘ಇಂಥ ದಡದಲ್ಲಿ ಇಳಿಸುತ್ತೇವೆ’ ಅಂತ ಬರೆದುಕೊಡಲಾಗದು. ಬರೆದುಕೊಟ್ಟರೆ ಅನುಮಾನಪಡಿ. ಇದನ್ನು ಅತ್ತಿಗೆಗೆ ಹೇಳಿದಾಗ ಅವರು ಅಂದದ್ದು: ‘ಮುಚ್ಚಿದ್ರೆ ಹಡಗಿನ ಮೇಲಿಂದಾನೇ ನೋಡ್ತೀನಪ್ಪಾ. ಹೋಗ್ದೇ ಇದ್ರೆ ಅದೂ ಇಲ್ವಲ್ಲ.’

ಹಡಗು ಎಷ್ಟು ದೊಡ್ಡದು?

ಇದು ಬೇಗ ಮುಗಿಯುವ ವಿಷಯ. ಅಂಟಾರ್ಕ್ಟಿಕಾಗೆ ಪ್ರವಾಸ ನಡೆಸುವವರ ಸಂಘ ಐಎಎಟಿಒ, 1991ರಲ್ಲಿ ಶುರುವಾದದ್ದು. ಅವರ ನಿಯಮದ ಪ್ರಕಾರ ಒಂದು ದಡದಲ್ಲಿ ಒಂದು ಹೊತ್ತಿಗೆ 100ಕ್ಕಿಂತ ಜಾಸ್ತಿ ಪ್ರವಾಸಿಗಳು ಇರುವಂತಿಲ್ಲ. 500ಕ್ಕಿಂತ ಜಾಸ್ತಿ ಪ್ರಯಾಣಿಕರ ಹಡಗು ಯಾರನ್ನೂ ಇಳಿಸುವಂತೆಯೇ ಇಲ್ಲ. 400 ಜನರ ಹಡಗಾದರೆ ನಾಲ್ಕು ಪಾಳಿ. ನಿಮ್ಮ ಪಾಳಿ ಮುಗಿದ ಮೇಲೆ ಕಿಟಕಿಯಿಂದ ಬೇರೆಯವರನ್ನು ನೋಡುತ್ತ ಕೂರಬೇಕು. ದಿನಕ್ಕೆ ಒಂದು ಸಲ ಇಳಿದರೆ ಪುಣ್ಯ. 110 ಜನರ ಹಡಗಾದರೆ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಎಲ್ಲರೂ ಇಳಿಯಬಹುದು. ಚಿಕ್ಕ ಹಡಗು ಸ್ವಲ್ಪ ಜಾಸ್ತಿ ಕುಣಿಯುತ್ತದೆ ಅನ್ನುವುದು ಅದರ ಇನ್ನೊಂದು ಮುಖ.

ಕೊನೆ ಗಳಿಗೆಯ ಡೀಲ್ ಎಲ್ಲಿಂದ ಹುಟ್ಟುತ್ತದೆ?

ಡೀಲ್ ಅಂದರೆ ಅದೃಷ್ಟ ಅಂತ ಅಣ್ಣ ನಂಬಿದ್ದ. ಅದಕ್ಕೊಂದು ಗಡಿಯಾರ ಇದೆ.

ಬುಕ್ ಮಾಡುವಾಗ ಅಡ್ವಾನ್ಸ್ ಕಟ್ಟುತ್ತೀರಿ. ಬಾಕಿ ದುಡ್ಡನ್ನು ಸಾಮಾನ್ಯವಾಗಿ ಹೊರಡುವ 90ರಿಂದ 120 ದಿನ ಮೊದಲು ಪೂರ್ತಿ ಕಟ್ಟಬೇಕು. ಮನಸ್ಸು ಬದಲಾಯಿಸುವವರೆಲ್ಲ ಆ ಗಡುವಿನ ಆಸುಪಾಸಿನಲ್ಲೇ ಕೈಬಿಡುತ್ತಾರೆ. ಯಾವ ಕೋಣೆ ಖಾಲಿ ಉಳಿಯಿತು ಅಂತ ಕಂಪನಿಗೆ ಆಗ ಗೊತ್ತಾಗುತ್ತದೆ. ಖಾಲಿ ಕೋಣೆ ಇಟ್ಟುಕೊಂಡು ಹೊರಟರೂ ಇಂಧನ, ಸಿಬ್ಬಂದಿಯ ಖರ್ಚು ಅಷ್ಟೇ. ಹಾಗಾಗಿ ಬೆಲೆ ಇಳಿಯಲು ಶುರುವಾಗುವುದು ಆ ಗಡುವು ಕಳೆದ ಮೇಲೆ. ನವೆಂಬರ್ ಮೊದಲ ವಾರದ ಹಡಗಿಗೆ ಅದು ಜುಲೈನಿಂದ ಆಗಸ್ಟ್ ಮೊದಲ ವಾರದ ಒಳಗೆ ಬೀಳುತ್ತದೆ. ನಾನು ಜೂನ್‌ವರೆಗೆ ಏನೂ ಮಾಡಲಿಲ್ಲ. ಜುಲೈ ಬಂದಮೇಲೆ ಮೂವರು ಏಜೆಂಟರಿಗೆ ಒಂದೇ ಸಾಲಿನ ಇಮೇಲ್ ಕಳಿಸಿದೆ: ಸೌತ್ ಜಾರ್ಜಿಯಾ ಇರಲೇಬೇಕು, 200ಕ್ಕಿಂತ ಕಡಿಮೆ ಜನ, ಕೆಳ ಡೆಕ್ಕಿನ ನಡುಭಾಗ, ನವೆಂಬರ್, ಇಬ್ಬರಿಗೆ ಒಂದು ಕೋಣೆ. ‘ಒಳ್ಳೆ ಡೀಲ್ ಇದ್ದರೆ ಹೇಳಿ’ ಅಂತ ಬರೆದರೆ ಅವರಿಗೆ ಮಾರಬೇಕಾದದ್ದು ನಿಮಗೆ ಬರುತ್ತದೆ.

ಉಷುವಾಯಾಗೇ ಹೋಗಿ ಕಾಯುವ ಹಳೆಯ ದಾರಿಯೂ ಇದೆ. ಅಲ್ಲಿನ ಏಜೆಂಟರ ಹತ್ತಿರ ಎರಡು ಮೂರು ದಿನದಲ್ಲಿ ಹೊರಡುವ ಹಡಗಿನ ಖಾಲಿ ಜಾಗ ಸಿಗುವುದುಂಟು. ಬೆನ್ನಿಗೆ ಚೀಲ ಹಾಕಿಕೊಂಡು ಆರು ತಿಂಗಳು ತಿರುಗುವ ಹುಡುಗರಿಗೆ ಸರಿ. ಆದರೆ ಹಾಗೆ ಸಿಗುವುದು ಹೆಚ್ಚಾಗಿ ಚಿಕ್ಕ ಪ್ರವಾಸ, ಅದೂ ಮೂವರು ನಾಲ್ವರು ಅಪರಿಚಿತರ ಜೊತೆ ಹಂಚಿಕೊಳ್ಳುವ ಕೋಣೆ. ಸೌತ್ ಜಾರ್ಜಿಯಾದ ಹಡಗುಗಳ ಸಂಖ್ಯೆಯೇ ಕಡಿಮೆ. ಕಾಯುವ ದಿನಗಳ ಹೋಟೆಲ್, ಊಟ ಸೇರಿಸಿದರೆ ಉಳಿತಾಯ ಕರಗುತ್ತದೆ. ನಮ್ಮ ಹಾಗೆ ಅರ್ಜೆಂಟೀನಾಗೆ ವೀಸಾ ಬೇಕಾದ ಪಾಸ್‌ಪೋರ್ಟ್ ಇದ್ದವರು ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ವಾಪಸ್ ಯಾವ ದಿನ ಅಂತಲೇ ಗೊತ್ತಿಲ್ಲದವರು ಅರ್ಜಿಯಲ್ಲಿ ಏನು ಬರೆಯುತ್ತಾರೆ?

ಜುಲೈ ಕೊನೆಯಿಂದ ಆಗಸ್ಟ್ ಮಧ್ಯದ ತನಕ ಏಳೆಂಟು ಬೆಲೆ ಬಂದವು. ಅದರಲ್ಲಿ ಎರಡು ಕೊನೆಗೆ ಉಳಿದವು.

ಒಂದು, ಫೆಬ್ರುವರಿಯ 11 ದಿನದ ಪ್ರವಾಸ, ಸುಮಾರು 400 ಜನರ ಹಡಗು. ಮೊದಲು 9,600 ಡಾಲರ್ ಇದ್ದದ್ದು 5,900ಕ್ಕೆ. ನಾನು ಕೇಳಿರಲೇ ಇಲ್ಲ, ಆದರೂ ಕಳಿಸಿದ್ದರು. ಇನ್ನೊಂದು, ನವೆಂಬರ್ ಮೊದಲ ವಾರದ 21 ದಿನದ್ದು, 110 ಜನರ ಹಡಗು, ಕೆಳ ಡೆಕ್ಕು. 18,400 ಇದ್ದದ್ದು 12,900ಕ್ಕೆ.

ಅಣ್ಣ ಮೊದಲನೆಯದರ ಮೇಲೆ ಬೆರಳಿಟ್ಟ. ‘ಹೆಚ್ಚುಕಡಿಮೆ ಶೇ. 40 ಕಡಿಮೆ ಕಣೋ! ದಿನದ ಲೆಕ್ಕದಲ್ಲೂ ಇದೇ ಅಗ್ಗ. 536 ಡಾಲರ್. ಅದು 614.’

ಲೆಕ್ಕ ಸರಿಯೇ ಇತ್ತು. ಭಾಗಿಸಿದ್ದು ಮಾತ್ರ ತಪ್ಪು ಸಂಖ್ಯೆಯಿಂದ. ಸಮುದ್ರದಲ್ಲಿ ವಾಂತಿ ಮಾಡುವ ದಿನಕ್ಕೂ ಪೆಂಗ್ವಿನ್ ನಡುವೆ ನಿಲ್ಲುವ ದಿನಕ್ಕೂ ಒಂದೇ ಬೆಲೆ ಕಟ್ಟುವುದು ಹೇಗೆ? ದಡಕ್ಕೆ ಎಷ್ಟು ಸಲ ಇಳಿಯಬಹುದು ಅಂತ ಎಣಿಸಿದೆವು. ಮೊದಲ ಹಡಗಿನಲ್ಲಿ ಐದು ದಿನ, ದಿನಕ್ಕೊಂದು, ಒಟ್ಟು 5. ಒಂದು ಇಳಿತಕ್ಕೆ 1,180 ಡಾಲರ್. ಎರಡನೆಯದರಲ್ಲಿ ಹನ್ನೆರಡು ದಿನ, ದಿನಕ್ಕೆರಡು, ಒಟ್ಟು 24. ಒಂದಕ್ಕೆ ಸುಮಾರು 540. ಹವೆ ಕೈಕೊಟ್ಟು ಮೂರರಲ್ಲೊಂದು ತಪ್ಪಿದರೂ 16 ಉಳಿಯುತ್ತದೆ, ಒಂದಕ್ಕೆ 800ರ ಆಸುಪಾಸು. ಅಣ್ಣ ಕನ್ನಡಕ ತೆಗೆದು ಒರೆಸಿಕೊಂಡ. ಅವನು ಒಪ್ಪಿಕೊಳ್ಳುವಾಗ ಹಾಗೆಯೇ ಮಾಡುತ್ತಾನೆ.

‘ಹೂಂ’ ಅನ್ನಲು ಎರಡು ದಿನ

ಡೀಲ್ ಬಂದಾಗ 48 ಗಂಟೆ ಕೋಣೆ ಹಿಡಿದಿಡುತ್ತೇವೆ ಅಂದರು. ಆ ಹೊತ್ತಿಗೆ ಅಡ್ವಾನ್ಸ್ ಅನ್ನುವ ಮಾತೇ ಇರುವುದಿಲ್ಲ, ಪೂರ್ತಿ ದುಡ್ಡು ಒಮ್ಮೆಗೇ ಕಟ್ಟಬೇಕು, ರದ್ದು ಮಾಡಿದರೆ ವಾಪಸ್ ಇಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಡೀಲ್ ಬರುವ ಮೊದಲೇ ಕೇಳಿ ಮುಗಿಸಿರಬೇಕು. ನಾವು ಮುಗಿಸಿದ್ದೆವು. ಒಂದನ್ನು ಬಿಟ್ಟು.

ಆ ಒಂದು ವಿಮೆ. ಅಣ್ಣನ ಹತ್ತಿರ ಪ್ರವಾಸ ವಿಮೆ ಇತ್ತು. ಹಡಗಿನ ಕಂಪನಿ ಕೇಳುತ್ತಿದ್ದದ್ದು ಕಾಯಿಲೆ ಬಿದ್ದರೆ ಅಲ್ಲಿಂದ ಹೊತ್ತು ತರುವ ಖರ್ಚಿನ ರಕ್ಷಣೆ, ಅದೂ ಧ್ರುವ ಪ್ರದೇಶಕ್ಕೆ ಅನ್ವಯವಾಗುವಂಥದ್ದು. ಪರ್ಯಾಯ ದ್ವೀಪದ ಬಳಿಯಾದರೆ ಕಿಂಗ್ ಜಾರ್ಜ್ ದ್ವೀಪದಲ್ಲಿ ವಿಮಾನ ಇಳಿಯುವ ಪಟ್ಟಿ ಇದೆ. ಸೌತ್ ಜಾರ್ಜಿಯಾದಲ್ಲಿ ಅದೂ ಇಲ್ಲ. ಅಲ್ಲಿ ಏನಾದರೂ ಆದರೆ ಹಡಗೇ ಎರಡು ದಿನ ವಾಪಸ್ ಓಡಿ ಫಾಕ್‌ಲ್ಯಾಂಡ್‌ನ ಸ್ಟ್ಯಾನ್ಲಿ ತಲುಪಬೇಕು. ಅಣ್ಣನ ಹಳೆಯ ಪಾಲಿಸಿಯ ಸಣ್ಣ ಅಕ್ಷರ ಓದಿದರೆ ಅವನ ಬಿಪಿ ‘ಮೊದಲೇ ಇದ್ದ ಕಾಯಿಲೆ’, ಅದರಿಂದ ಬರುವ ಯಾವುದಕ್ಕೂ ದುಡ್ಡಿಲ್ಲ. 48 ಗಂಟೆಯಲ್ಲಿ 20 ಗಂಟೆ ಹೊಸ ಪಾಲಿಸಿ ಹುಡುಕುವುದರಲ್ಲೇ ಹೋಯಿತು. ಬಿಪಿ ಇದೆ ಅಂತ ಬರೆದೇ, ಜಾಸ್ತಿ ಕಂತು ಕಟ್ಟಿ ಒಂದು ತೆಗೆದುಕೊಂಡೆವು. ಮುಚ್ಚಿಟ್ಟು ಅಗ್ಗದ್ದು ತೆಗೆದುಕೊಳ್ಳೋಣ ಅಂತ ಒಬ್ಬ ಪರಿಚಯದವರು ಸಲಹೆ ಕೊಟ್ಟಿದ್ದರು. ಅಂಥವರ ಹತ್ತಿರ ಸಲಹೆ ಕೇಳಬೇಡಿ.

ಅಣ್ಣ ನಡುರಾತ್ರಿ ಫೋನ್ ಮಾಡಿ ‘ಮುಳುಗಿದ್ರೆ?’ ಅಂತ ಕೇಳಿದ. ಮುಳುಗಿದ್ದುಂಟು. ನವೆಂಬರ್ 23, 2007ರಂದು ಎಂಎಸ್ ಎಕ್ಸ್‌ಪ್ಲೋರರ್ ಅನ್ನುವ ಪ್ರವಾಸಿ ಹಡಗು ಸೌತ್ ಶೆಟ್ಲೆಂಡ್ ಬಳಿ ಮಂಜುಗಡ್ಡೆಗೆ ತಗುಲಿ ಮುಳುಗಿತು. ಅದರಲ್ಲಿದ್ದ 154 ಜನರೂ ಬದುಕಿದರು, ಹತ್ತಿರದಲ್ಲಿದ್ದ ಇನ್ನೊಂದು ಪ್ರವಾಸಿ ಹಡಗು ಬಂದು ಎತ್ತಿಕೊಂಡಿತು. 2017ರಿಂದ ಧ್ರುವ ಸಮುದ್ರದ ಹಡಗುಗಳಿಗೆ ಪೋಲಾರ್ ಕೋಡ್ ಅನ್ನುವ ಬೇರೆಯೇ ನಿಯಮ ಬಂದಿದೆ. ಇಷ್ಟನ್ನು ಹೇಳಿದೆ. ಅವನಿಗೆ ಸಮಾಧಾನವಾಯಿತೋ ಇಲ್ಲವೋ, ಬೆಳಿಗ್ಗೆ ದುಡ್ಡು ಕಟ್ಟಿದ.

ಏಜೆಂಟರು ‘ಉಳಿದಿರುವುದು ಎರಡೇ ಕೋಣೆ’ ಅಂದಿದ್ದರು. ನಾವು ಕಟ್ಟಿದ ಒಂಬತ್ತನೇ ದಿನ ಅದೇ ಹಡಗಿನ ಅದೇ ದರ್ಜೆಯ ಕೋಣೆ 12,200ಕ್ಕೆ ಇಳಿದು ಜಾಹೀರಾತಿನಲ್ಲಿ ಬಂತು. ತಲೆಗೆ 700 ಡಾಲರ್. ಅಣ್ಣ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಇನ್ನೂ ಕಾಯಬಹುದಿತ್ತಾ? ಕಾಯಬಹುದಿತ್ತು. ಆದರೆ ವೀಸಾಗೆ, ವಿಮಾನಕ್ಕೆ ಸಮಯ ಸಾಲುತ್ತಿರಲಿಲ್ಲ. ದಿನ ಹತ್ತಿರವಾದಷ್ಟೂ ಹಡಗಿನ ದರ ಇಳಿಯಬಹುದು, ವಿಮಾನದ ದರ ಏರುತ್ತದೆ. ನನ್ನ ಮಟ್ಟಿಗೆ 80 ದಿನದ ಆಸುಪಾಸು ಸರಿಯಾದ ಜಾಗ, ಈಗಲೂ ಹಾಗೇ ಅನ್ನಿಸುತ್ತದೆ.

ಹಡಗಿನ ದರದ ಮೇಲೆ ವಿಮಾನ, ವಿಮೆ, ಉಷುವಾಯಾದ ಹೋಟೆಲ್, ಸಿಬ್ಬಂದಿಗೆ ಟಿಪ್ಸ್ ಎಲ್ಲ ಸೇರಿ ತಲೆಗೆ 3,900 ಡಾಲರ್ ಆಯಿತು. ಬ್ಯೂನಸ್ ಐರಿಸ್‌ನಲ್ಲಿ ಎರಡು ವಿಮಾನ ನಿಲ್ದಾಣ ಇವೆ ಅನ್ನುವುದನ್ನು ಮರೆಯಬೇಡಿ. ಹೊರದೇಶದಿಂದ ಹೆಚ್ಚಾಗಿ ಎಜೈಜಾದಲ್ಲಿ ಇಳಿಯುತ್ತೀರಿ, ಉಷುವಾಯಾ ವಿಮಾನ ಹೆಚ್ಚಾಗಿ ಏರೋಪಾರ್ಕೆಯಿಂದ. ನಡುವೆ ಊರು ದಾಟಬೇಕು. ಉಷುವಾಯಾಗೆ ಎರಡು ದಿನ ಮೊದಲೇ ತಲುಪಿದ್ದು ಒಳ್ಳೆಯದಾಯಿತು, ಅಣ್ಣನ ಸೂಟ್‌ಕೇಸ್ ಒಂದು ದಿನ ತಡವಾಗಿ ಬಂತು. ಹಡಗು ಸೂಟ್‌ಕೇಸಿಗೆ ಕಾಯುವುದಿಲ್ಲ.

ಅತ್ತಿಗೆಯ ನೋಟ್‌ಬುಕ್

ಮುಂದಿನದು ಅವರ ನೋಟ್‌ಬುಕ್‌ನಿಂದ.

ಸೌತ್ ಜಾರ್ಜಿಯಾ ತಲುಪುವ ಹಿಂದಿನ ದಿನ ಹಡಗಿನ ಲೌಂಜಿನಲ್ಲಿ ಎಲ್ಲರೂ ತಮ್ಮ ಜಾಕೆಟ್, ಚೀಲ ತಂದು ಕೂತಿದ್ದರಂತೆ. ಜೇಬುಗಳಿಗೆ ವ್ಯಾಕ್ಯೂಮ್ ಕ್ಲೀನರ್. ವೆಲ್ಕ್ರೊ ಪಟ್ಟಿಯ ಎಳೆಗಳ ನಡುವೆ ಸಿಕ್ಕಿಕೊಂಡ ಹುಲ್ಲಿನ ಬೀಜವನ್ನು ಚಿಮಟದಲ್ಲಿ ಒಂದೊಂದಾಗಿ ಕೀಳಬೇಕು. ಅಣ್ಣನ ಕ್ಯಾಮೆರಾ ಚೀಲದಿಂದ ಒಟ್ಟು ಆರು ಬೀಜ ಸಿಕ್ಕವು. ಆ ದ್ವೀಪದಲ್ಲಿ ವರ್ಷಗಟ್ಟಲೆ ದುಡಿದು ಇಲಿಗಳನ್ನು ನಿರ್ಮೂಲ ಮಾಡಿ, 2018ರಲ್ಲಿ ‘ಇನ್ನಿಲ್ಲ’ ಅಂತ ಸಾರಿದ್ದಾರೆ. ಹೊರಗಿನ ಒಂದು ಬೀಜವೂ ಬರಬಾರದು ಅನ್ನುವ ಹಟ ಅಲ್ಲಿಂದ ಬಂದದ್ದು. ಅಣ್ಣನಿಗೆ ಈ ಕೆಲಸ ತುಂಬ ಹಿಡಿಸಿತಂತೆ. ಪಕ್ಕದವರ ಚೀಲವನ್ನೂ ತಾನೇ ಇಸಿದುಕೊಂಡು ಕೀಳಲು ಕೂತ.

ಮರುದಿನದ ಪುಟದಲ್ಲಿ ಎರಡೇ ಮಾತು: ‘ಇಳಿಯಲಿಲ್ಲ. ಗಾಳಿ.’ ಹಿಮನದಿಗಳ ಮೇಲಿಂದ ಜಾರಿ ಬರುವ ತಣ್ಣನೆ ಗಾಳಿ ಅಲ್ಲಿ ಹತ್ತು ನಿಮಿಷದಲ್ಲಿ ಎದ್ದುಬಿಡುತ್ತದೆ. ಸೇಂಟ್ ಆಂಡ್ರೂಸ್ ಬೇಯಲ್ಲಿ ಅಲೆ ಜೋರಿದ್ದರಿಂದ ಯಾರನ್ನೂ ಇಳಿಸಲಿಲ್ಲ. ಝೋಡಿಯಾಕ್ ಅನ್ನುವ ರಬ್ಬರ್ ದೋಣಿಯಲ್ಲಿ ದಡದುದ್ದಕ್ಕೂ ಸುತ್ತು ಹಾಕಿಸಿದರು. ಅದಾದ ಎರಡು ದಿನಕ್ಕೆ ಗೋಲ್ಡ್ ಹಾರ್ಬರ್‌ನಲ್ಲಿ ಬೆಳಗಿನ ಜಾವ ಇಳಿದರು. ಆ ಪುಟ ಪೂರ್ತಿ ತುಂಬಿದೆ:

‘ಮೊದಲು ವಾಸನೆ. ಆಮೇಲೆ ಸದ್ದು, ಸಾವಿರ ಪೀಪಿ ಊದಿದ ಹಾಗೆ. ಆಮೇಲೆ ಕಾಣಿಸಿತು. ಕೂರಬಾರದು, ಮಂಡಿಯೂರಬಾರದು, ನೆಲಕ್ಕೆ ಏನೂ ಇಡಬಾರದು, ಹಕ್ಕಿಜ್ವರದ ನಿಯಮ. ಐದು ಮೀಟರ್ ದೂರ ಇರಬೇಕು. ಅದು ನನಗೆ ಹೇಳಿದ್ದು, ಅವಕ್ಕೆ ಯಾರೂ ಹೇಳಿಲ್ಲ. ಒಂದು ಬಂದು ನನ್ನ ಬೂಟು ನೋಡಿತು. ನಾನು ಹಿಂದೆ ಸರಿದೆ, ಅದು ಮುಂದೆ ಬಂತು. ಇವರು ಅಷ್ಟು ದೂರದಲ್ಲಿ ಮೂಟೆಯಂಥ ಸೀಲ್ ಮರಿ ಮುಂದೆ ಸುಮ್ಮನೆ ನಿಂತಿದ್ದರು. ಫೋಟೊ ತೆಗೆಯಲಿಲ್ಲ.’

ಗ್ರಿಟ್‌ವಿಕೆನ್‌ನ ಬಗ್ಗೆ ಅರ್ಧ ಪುಟ ಇದೆ. 1904ರಲ್ಲಿ ಶುರುವಾದ ತಿಮಿಂಗಿಲ ಬೇಟೆಯ ಠಾಣೆ, ಈಗ ತುಕ್ಕು ಹಿಡಿದ ಟ್ಯಾಂಕುಗಳ ಊರು. 1922ರಲ್ಲಿ ಅಲ್ಲೇ ತೀರಿಕೊಂಡ ಅಂಟಾರ್ಕ್ಟಿಕಾ ಅನ್ವೇಷಕ ಶ್ಯಾಕಲ್ಟನ್ ಸಮಾಧಿ ಅಲ್ಲಿದೆ. ಅತ್ತಿಗೆಗೆ ಆ ಊರು ಹಿಡಿಸಲಿಲ್ಲ. ‘ಇಷ್ಟು ದೊಡ್ಡ ಬಾಣಲೆಗಳು ಯಾಕೆ ಬೇಕಿತ್ತು ಅಂತ ಗೊತ್ತಾದಾಗ ಊಟ ಸೇರಲಿಲ್ಲ’ ಅಂತ ಬರೆದಿದ್ದಾರೆ.

ಅಲ್ಲಿಂದ ನೈಋತ್ಯಕ್ಕೆ ತಿರುಗಿದ ಎರಡು ದಿನ ಅಣ್ಣನ ಅಕ್ಷರವೂ ಇಲ್ಲ, ಅತ್ತಿಗೆಯದೂ ಇಲ್ಲ. ಕೆಳ ಡೆಕ್ಕಿನ ದುಂಡು ಕಿಟಕಿಗೆ ಕಬ್ಬಿಣದ ಮುಚ್ಚಳ ಹಾಕಿಬಿಟ್ಟಿದ್ದರಂತೆ. ಕಿವಿಯ ಹಿಂದೆ ಅಂಟಿಸುವ ಔಷಧದ ಪಟ್ಟಿಯನ್ನು ಅಣ್ಣ ವೈದ್ಯರನ್ನು ಕೇಳಿ, ಹೊರಡುವ ಮೊದಲೇ ಒಂದು ದಿನ ಹಚ್ಚಿ ನೋಡಿದ್ದ. ಬಾಯಿ ಒಣಗುತ್ತದೆ, ಓದಲು ಕಣ್ಣು ಮಂಜಾಗುತ್ತದೆ ಅಂತ ಗೊತ್ತಿತ್ತು. ಹಡಗಿನಲ್ಲಿ ಗಾಬರಿಯಾಗಲಿಲ್ಲ. ಪೂರ್ತಿ ಫಲ ಕೊಟ್ಟಿತು ಅಂತಲೂ ಅಲ್ಲ.

ಪರ್ಯಾಯ ದ್ವೀಪದಲ್ಲಿ ನವೆಂಬರ್‌ನ ಹಿಮ ಮೊಣಕಾಲು ಮಟ್ಟ. ಲೆಮೇರ್ ಕಾಲುವೆ ಮಂಜುಗಡ್ಡೆ ತುಂಬಿ ಮುಚ್ಚಿತ್ತು, ಹಡಗು ತಿರುಗಿತು. ಪೆಂಗ್ವಿನ್ ಮರಿ ಒಂದೂ ಇಲ್ಲ, ತಿಮಿಂಗಿಲ ಎರಡೇ. ಇದು ನವೆಂಬರ್‌ಗೆ ಕೊಟ್ಟ ಬೆಲೆ, ನಮಗೆ ಮೊದಲೇ ಗೊತ್ತಿತ್ತು. ಕೊನೆಯ ಡ್ರೇಕ್ ಮಾತ್ರ ಕೆರೆಯ ಹಾಗೆ ಮಲಗಿತ್ತಂತೆ. ಅಣ್ಣ ಡೆಕ್ಕಿನ ಮೇಲೆ ನಿಂತು ಆಲ್ಬಟ್ರಾಸ್ ಎಣಿಸಿದ.

ವಾಪಸ್ ಬಂದ ವಾರ ಶೀಟ್ ತೆರೆದು ಕೊನೆಯ ಕಾಲಂ ತುಂಬಿದೆವು. ಫಾಕ್‌ಲ್ಯಾಂಡ್‌ನಲ್ಲಿ 6ರಲ್ಲಿ 5 ಇಳಿತ, ಸೌತ್ ಜಾರ್ಜಿಯಾದಲ್ಲಿ 8ರಲ್ಲಿ 5, ಪರ್ಯಾಯ ದ್ವೀಪದಲ್ಲಿ 10ರಲ್ಲಿ 7. ಒಟ್ಟು 24ರಲ್ಲಿ 17. ಒಂದು ಇಳಿತಕ್ಕೆ 759 ಡಾಲರ್. ನಾನು ಸೇವ್ ಮಾಡಿ ಮುಚ್ಚಿದೆ. ಮರುದಿನ ತೆರೆದು ನೋಡಿದರೆ ಕೆಳಗೆ ಅಣ್ಣ ತಾನೇ ಒಂದು ಸಾಲು ಸೇರಿಸಿದ್ದ: ‘ವಾಂತಿ 9. ಒಂದಕ್ಕೆ 1,433 ಡಾಲರ್.’